ಟೀ ಟ್ರೀ ಎಣ್ಣೆ: ಇದರಲ್ಲಿ ಚಹಾನೂ ಇಲ್ಲ, ‘ಅಗತ್ಯ’ವೂ ಇಲ್ಲ

ಹೋದ ವಾರ ವಿಜಯಪುರದ ಒಂದು ಅಂಗಡಿಯಲ್ಲಿ ಸಣ್ಣ ಬಾಟಲಿಯೊಂದರ ಮೇಲೆ ‘ಚಹಾ ಮರದ ಅಗತ್ಯ ತೈಲ’ ಎಂದು ಅಚ್ಚಾಗಿತ್ತು. ಮೊಬೈಲಿನಲ್ಲೂ ಇದೇ ಮಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ. ನಾಲ್ಕು ಪದ, ಎರಡು ತಪ್ಪು. ಇನ್ನು ಸುಮ್ನಿರೋಕೆ ಆಗುತ್ತಿಲ್ಲ.

ಮೊದಲು ‘ಅಗತ್ಯ’. ಇಂಗ್ಲಿಷಿನಲ್ಲಿ ಇದು ‘ಟೀ ಟ್ರೀ ಎಸೆನ್ಶಿಯಲ್ ಆಯಿಲ್’. ಎಸೆನ್ಶಿಯಲ್ ಅಂದರೆ ಅಗತ್ಯ ಎಂದು ಡಿಕ್ಷನರಿ ನೋಡಿ ಇಟ್ಟ ಹೆಸರಿದು. ಆದರೆ ಇಲ್ಲಿನ ಎಸೆನ್ಶಿಯಲ್ ಬಂದಿದ್ದು ಎಸೆನ್ಸ್‌ನಿಂದ. ಎಸೆನ್ಸ್ ಅಂದರೆ ಸಾರ. ಗಿಡದ ವಾಸನೆಯೆಲ್ಲ ಅದರಲ್ಲೇ ಇರುತ್ತದೆ. ‘ಸಾರತೈಲ’ ಅನ್ನಿ, ಸಾಕು.

ಅಲ್ಲೂ ಒಂದು ತೊಡಕಿದೆ. ತೈಲ ಹುಟ್ಟಿದ್ದು ತಿಲದಿಂದ; ತಿಲ ಅಂದರೆ ಎಳ್ಳು. ನಮ್ಮ ‘ಎಣ್ಣೆ’ಯೂ ಎಳ್ ಮತ್ತು ನೆಯ್ ಕೂಡಿ ಆದದ್ದು. ನೆಯ್ ಅಂದರೆ ತುಪ್ಪ, ಜಿಡ್ಡು. ಎರಡು ಪದದಲ್ಲೂ ಎಳ್ಳಿದೆ, ಗಾಣವಿದೆ. ಈ ಸಾರತೈಲಕ್ಕೆ ಗಾಣದ ನಂಟೇ ಇಲ್ಲ. ಎಲೆಗೆ ಹಬೆ ಹಾಯಿಸಿ, ಆ ಹಬೆ ತಣಿಸಿ ತೆಗೆಯುತ್ತಾರೆ. ಕಾಗದದ ಮೇಲೆ ಒಂದು ಹನಿ ಕುಸುಬಿ ಎಣ್ಣೆ, ಒಂದು ಹನಿ ಟೀ ಟ್ರೀ ಎಣ್ಣೆ ಹಾಕಿ ನೋಡಿ. ಕುಸುಬಿಯ ಕಲೆ ಹೋಗುವುದಿಲ್ಲ. ಇನ್ನೊಂದು ಹೆಚ್ಚುಕಡಿಮೆ ಪೂರ್ತಿ ಆರಿಹೋಗುತ್ತದೆ.

ಇನ್ನು ‘ಚಹಾ’. ಈ ಮರ ಆಸ್ಟ್ರೇಲಿಯಾದ್ದು, ನ್ಯೂ ಸೌತ್ ವೇಲ್ಸ್ ಕಡೆಯದು. ಹೆಸರು ಮೆಲಲ್ಯೂಕ ಆಲ್ಟರ್ನಿಫೋಲಿಯಾ. ನಾವು ಕುಡಿಯುವ ಚಹಾ ಕಮೇಲಿಯಾ ಸೈನೆನ್ಸಿಸ್, ಬೇರೆಯೇ ಕುಲ. ಟೀ ಟ್ರೀಗೆ ನಿಜವಾದ ನೆಂಟರು ನೀಲಗಿರಿ, ನೇರಳೆ, ಪೇರಲ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ಅಲ್ಲಿನ ಇಂಥದ್ದೊಂದು ಗಿಡದ ಎಲೆ ಕುದಿಸಿ ಚಹಾದಂತೆ ಕುಡಿದರು, ಅದರಿಂದ ಈ ಹೆಸರು ಬಂತು ಎನ್ನುತ್ತಾರೆ. ಅಲ್ಲಿನ ಬುಂಡ್ಜಲುಂಗ್ ಜನ ಅದಕ್ಕೂ ಎಷ್ಟೋ ಮೊದಲಿನಿಂದ ಎಲೆ ಜಜ್ಜಿ ಗಾಯಕ್ಕೆ ಕಟ್ಟುತ್ತಿದ್ದರು.

ಹೆಸರು ತಪ್ಪಾದರೆ ಏನಾಯ್ತು ಅಂತೀರಾ? ಪಕ್ಕದ ಮನೆಯ ವೈನಿ ಆ ಬಾಟಲಿ ತಂದು, ‘ಇದನ್ನ ಚಹಾದಾಗ ಹಾಕ್ಕೊಂಡು ಕುಡೀಬೇಕೇನ್ರಿ?’ ಎಂದು ಕೇಳಿದರು. ತಪ್ಪು ಅವರದಲ್ಲ. ಮೇಲೆ ಚಹಾ ಅಂತಿದೆ, ಅಗತ್ಯ ಅಂತಲೂ ಇದೆ. ಆದರೆ ಇದು ಹೊಟ್ಟೆಗೆ ಹೋದರೆ ವಿಷ. ಮಂಪರು, ತೂರಾಟ, ಪ್ರಜ್ಞೆ ತಪ್ಪುವುದು ಎಲ್ಲಾ ಆಗಬಹುದು. ಚೀನಾದಲ್ಲಿ ಅಡುಗೆಗೆ ಬಳಸುವ ಚಹಾ ಬೀಜದ ಎಣ್ಣೆಯೇ ಬೇರೆ. ಎರಡನ್ನೂ ಒಂದೇ ಹೆಸರಲ್ಲಿ ಕರೆದರೆ ಗತಿ ಏನು?

ಬಳಕೆ ನಿಮಗೆ ಗೊತ್ತೇ ಇದೆ: ಮೊಡವೆ, ತಲೆಹೊಟ್ಟು, ಕಾಲ್ಬೆರಳ ಸಂದಿಯ ಫಂಗಸ್. ಕೆಲಸ ಮಾಡುವುದು ಮುಖ್ಯವಾಗಿ ಅದರೊಳಗಿನ ಟರ್ಪಿನೆನ್-4-ಓಲ್ ಎಂಬ ರಾಸಾಯನಿಕ. ನೇರವಾಗಿ ಹಚ್ಚಬೇಡಿ, ಚರ್ಮ ಉರಿಯುತ್ತದೆ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಮೂರು ಹನಿ ಸಾಕು. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಬೆಕ್ಕು, ನಾಯಿಗಂತೂ ಹಚ್ಚಲೇಬೇಡಿ. ಬಾಟಲಿಯನ್ನು ಬಿಸಿಲು ತಾಗದ ಕಡೆ, ಮುಚ್ಚಳ ಬಿಗಿ ಮಾಡಿ ಇಡಿ. ಗಾಳಿ ಬೆಳಕಿಗೆ ಹಳಸಿದ ಎಣ್ಣೆಯಿಂದಲೇ ಅಲರ್ಜಿ ಜಾಸ್ತಿ.