ಮೊಣಕೈವರೆಗಾದರೂ ಉಳಿಸಿ ಎನ್ನುವವರಿಗೆ

"ಪೂರ್ತಿ ತೆಗೆಯಬೇಡಿ ಡಾಕ್ಟರೇ, ಮೊಣಕೈವರೆಗಾದರೂ ಉಳಿಸಿಕೊಡಿ." ಬೆಕ್ಕಿನ ಮುಂಗಾಲು ತೆಗೆಯಬೇಕಾಗುತ್ತದೆ ಎಂದ ಕೂಡಲೇ ಹೆಚ್ಚುಕಡಿಮೆ ಎಲ್ಲರೂ ಹೀಗೇ ಬೇಡಿಕೊಳ್ಳುತ್ತಾರೆ. ಕೆಲವರು ಜೈಪುರ ಕಾಲಿನ ಮಾತೆತ್ತುತ್ತಾರೆ. ಅವರ ಸಂಕಟ ನನಗೆ ಗೊತ್ತು. ಆದರೂ ಈ ಒಂದು ವಿಷಯದಲ್ಲಿ ನಾನು ಮಣಿಯುವುದಿಲ್ಲ.

ಮನುಷ್ಯನಿಗೆ ಮೋಟುಗಾಲು ಉಳಿಸುವುದು ಅದಕ್ಕೆ ಕೃತಕ ಕಾಲು ಜೋಡಿಸಲೆಂದು. ಅದನ್ನು ನೆಲಕ್ಕೆ ತಾಗಿಸಬಾರದು ಎಂಬುದು ಅವನಿಗೆ ತಿಳಿಯುತ್ತದೆ. ಬೆಕ್ಕಿಗೆ ತಿಳಿಯುವುದಿಲ್ಲ. ಎಷ್ಟು ಉಳಿದಿದೆಯೋ ಅಷ್ಟನ್ನೇ ಚಾಚಿ ನೆಲ ಹುಡುಕುತ್ತದೆ. ಮೋಟಿನ ತುದಿಯ ಚರ್ಮ ಅಂಗಾಲಿನ ಮೆತ್ತೆಯಲ್ಲ. ಉಜ್ಜಿ ಹುಣ್ಣಾಗುತ್ತದೆ, ಬೆಕ್ಕು ಅದನ್ನೇ ನೆಕ್ಕಿ ನೆಕ್ಕಿ ಕೀವು ತುಂಬಿಸಿಕೊಳ್ಳುತ್ತದೆ. ಕೊನೆಗೆ ಎರಡನೆಯ ಶಸ್ತ್ರಚಿಕಿತ್ಸೆ. ಬೆರಳಲ್ಲಿ ಗಡ್ಡೆ ಎದ್ದಂಥ ತೊಂದರೆಯಾದರೆ ಬೆರಳಷ್ಟೇ ತೆಗೆದರೆ ಸಾಕಾಗಬಹುದು, ಆ ಮಾತು ಬೇರೆ.

ಇನ್ನೊಂದು ಭಯ ಗರಗಸದ್ದು. ಬೆಕ್ಕಿನ ಹೆಗಲ ಮೂಳೆ ಎದೆಗೂಡಿಗೆ ಕೀಲಿನಿಂದ ಸೇರಿಲ್ಲ, ಸ್ನಾಯುಗಳಿಂದ ತೂಗುಹಾಕಿಕೊಂಡಿದೆ. ಆದ್ದರಿಂದ ಹೆಗಲ ಮೂಳೆಯ ಸಮೇತ ಕಾಲು ತೆಗೆಯುವಾಗ ಮೂಳೆ ಕೊಯ್ಯುವ ಪ್ರಮೇಯವೇ ಇಲ್ಲ: ಸ್ನಾಯು ಬಿಡಿಸಿ, ರಕ್ತನಾಳ ಕಟ್ಟಿ, ನರ ಕತ್ತರಿಸುತ್ತೇವೆ. ಹೆಗಲನ್ನು ಹಾಗೆಯೇ ಬಿಟ್ಟರೆ ಸುತ್ತಲಿನ ಸ್ನಾಯು ಸೊರಗಿ, ಮೂಳೆಯ ಏಣು ಚರ್ಮದಡಿಯಲ್ಲಿ ಎದ್ದು ಕಾಣುತ್ತದೆ.

ಜೋಲುವ ಕಾಲನ್ನೆಲ್ಲ ತೆಗೆಯಬೇಕು ಎಂದಲ್ಲ. ಬಾಲ್ಕನಿಯಿಂದ ಬಿದ್ದ ಅಥವಾ ಬೈಕಿಗೆ ಸಿಕ್ಕ ಬೆಕ್ಕಿನಲ್ಲಿ ಕಾಲಿಗೆ ಹೋಗುವ ನರಗಳು ಬರೀ ಜಜ್ಜಿದ್ದರೆ ಶಕ್ತಿ ಮರಳಬಹುದು. ಬೆನ್ನುಹುರಿಯಿಂದಲೇ ಕಿತ್ತುಬಂದಿದ್ದರೆ ಮರಳುವ ಆಸೆ ಇಲ್ಲ. ಬೆರಳನ್ನು ಬಲವಾಗಿ ಹಿಂಡಿದರೂ ಬೆಕ್ಕು ತಿರುಗಿ ನೋಡದಿದ್ದರೆ, ಅದೇ ಪಕ್ಕದ ಕಣ್ಣಿನ ಪಾಪೆ ಕಿರಿದಾಗಿದ್ದರೆ, ನನಗೆ ಆತಂಕ ಹೆಚ್ಚುತ್ತದೆ. ಆದರೂ ಪಾದದಲ್ಲಿ ಗಾಯವಿಲ್ಲದೆ, ಬೆಕ್ಕು ಅದನ್ನು ಕಚ್ಚಿಕೊಳ್ಳದೆ ಇರುವವರೆಗೆ ಕೆಲವು ವಾರ ಕಾಯುವುದು ನನ್ನ ರೂಢಿ. ಪೆಟ್ಟು ಎದೆಗೂ ತಾಗಿರಬಹುದು, ಆದ್ದರಿಂದ ಎದೆಯ ಎಕ್ಸ್-ರೇ ಇಲ್ಲದೆ ಅರಿವಳಿಕೆ ಕೊಡುವುದಿಲ್ಲ. ಕಾಯುವಾಗ ನೋವಿಗೆಂದು ಮನೆಯ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಬೂದು ಬೆಕ್ಕನ್ನು ಒಂದೇ ತಿಂಗಳಲ್ಲಿ ಮೂರು ಸಲ ತಂದು ಮೂರು ಸಲವೂ ಹಿಂದಕ್ಕೆ ಒಯ್ದರು. ಎಳೆದಾಡುವ ಪಾದಕ್ಕೆ ತಾವೇ ಬಟ್ಟೆಯ ಕಾಲುಚೀಲ ಹೊಲಿದಿದ್ದರು. ನಾಲ್ಕನೆಯ ಸಲ ಚೀಲ ಬಿಚ್ಚಿದಾಗ ಎರಡು ಬೆರಳುಗಳ ಮಾಂಸವೇ ಇರಲಿಲ್ಲ. ಅರಿವಿಲ್ಲದ ಪಾದವನ್ನು ಬೆಕ್ಕೇ ತಿಂದುಕೊಂಡಿತ್ತು. ನಾನು ಗದರಲಿಲ್ಲ, ಅವರ ಕೈ ನಡುಗುತ್ತಿತ್ತು.

ಶಸ್ತ್ರಚಿಕಿತ್ಸೆಯ ಮರುದಿನವೇ ಬೆಕ್ಕು ಎದ್ದು ನಿಂತು ಮೀನು ತಿಂದಿತು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಲು ಬಂದಾಗ ಮೇಜಿನಿಂದ ಕಿಟಕಿಗೆ ಹಾರಿತು, ಟೀಚರ್ "ಅದನ್ನು ಹಿಡಿಯಿರಿ!" ಎಂದು ನನ್ನನ್ನೇ ಗದರಿದರು. ಮೇಲಕ್ಕೆ ಹಾರುವುದು ಹಿಂಗಾಲುಗಳ ಕೆಲಸ, ಕಷ್ಟವಿಲ್ಲ. ಇಳಿಯುವಾಗ ಮೈಭಾರವೆಲ್ಲ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಕಿಟಕಿಯ ಕೆಳಗೊಂದು ಮಣೆ ಇಡಿ, ಬೆಕ್ಕನ್ನು ದಪ್ಪವಾಗಲು ಬಿಡಬೇಡಿ ಎಂದೆ.

ಒಂದು ಮಾತನ್ನು ನಾನು ಹೇಳಲು ಮರೆತಿದ್ದೆ. ಬೆಕ್ಕು ಮುಖ ತೊಳೆಯುವುದು ಮುಂಗಾಲಿನಿಂದ. ಎಡಗಾಲು ಹೋದರೆ ಎಡಗೆನ್ನೆ ಕೊಳೆಯಾಗಿಯೇ ಉಳಿಯುತ್ತದೆ. ಅದನ್ನು ಟೀಚರ್ ತಾವಾಗಿಯೇ ಕಂಡುಕೊಂಡರು. ಈಗ ಊಟವಾದ ಮೇಲೆ ಬೆಕ್ಕು ಅವರ ಮುಂದೆ ಬಂದು ಎಡಗೆನ್ನೆ ಎತ್ತಿ ಕೂರುತ್ತದಂತೆ, ಒದ್ದೆ ಬಟ್ಟೆ ಬರುವವರೆಗೂ.