ಕರುಳಿನ ಕ್ಯಾನ್ಸರ್ ಲಿವರ್‌ಗೆ ಹೋಗಿದೆ, ಇನ್ನು ಆಪರೇಷನ್ ಆಗುತ್ತಾ?

ಪ್ರಶ್ನೆ: ನಮ್ಮ ಅಪ್ಪಾಜಿಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೂ ಹರಡಿದೆ, ನಾಲ್ಕನೇ ಹಂತ ಅಂದಿದ್ದಾರೆ. ಡಾಕ್ಟ್ರು ಗಡ್ಡೆ ತೆಗೆಯದೆ ಮೊದಲು ಕೀಮೋ ಅಂತಾರೆ. ಊರಲ್ಲಿ ನೋಡಿದರೆ, ‘ಚಾಕು ಮುಟ್ಟಿಸಿದ್ರೆ ಇನ್ನೂ ಹಬ್ಬುತ್ತೆ’ ಅಂತಾರೆ. ಏನು ಮಾಡೋದು?
– ಓದುಗರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: ಮೊದಲು ಕೀಮೋ ಅಂದರೆ ಕೈಬಿಟ್ಟರು ಅಂತಲ್ಲ. ಎಷ್ಟೋ ಸಲ ಅದು ಆಪರೇಷನ್‌ಗೆ ದಾರಿ ಮಾಡಿಕೊಡುವ ಕೆಲಸ.

ಕರುಳಿನಿಂದ ಹೊರಟ ರಕ್ತ ಹೃದಯ ಸೇರುವ ಮೊದಲು ಲಿವರ್ ಹಾದು ಹೋಗುತ್ತದೆ. ಅದಕ್ಕೇ ಈ ಕ್ಯಾನ್ಸರ್ ಹೆಚ್ಚಾಗಿ ಮೊದಲು ಹೋಗಿ ಕೂರುವುದು ಅಲ್ಲಿ. ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಲಿವರ್ ಮುಟ್ಟಿತೆಂದರೆ ಸರ್ಜರಿಯ ಮಾತೇ ಮುಗಿಯುತ್ತದೆ. ಇದರಲ್ಲಿ ಹಾಗಲ್ಲ. ಗಂಟುಗಳನ್ನೆಲ್ಲ ತೆಗೆದ ಮೇಲೂ ಲಿವರ್‌ನ ಸುಮಾರು ಶೇ. 30 ಭಾಗ ಚೆನ್ನಾಗಿ ಉಳಿಯುವಂತಿದ್ದರೆ ತೆಗೆಯಬಹುದು. ಉಳಿದದ್ದು ಕೆಲವು ವಾರ, ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ಹೀಗೆ ಪೂರ್ತಿ ತೆಗೆಯಲು ಸಾಧ್ಯವಾದವರಲ್ಲಿ 100ಕ್ಕೆ ಸುಮಾರು 40 ಮಂದಿ ಐದು ವರ್ಷ ದಾಟುತ್ತಾರೆ. ಹಲವರಿಗೆ ಮತ್ತೆ ಬರುತ್ತದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ.

ಎರಡು ಮೂರು ತಿಂಗಳ ಕೀಮೋದಿಂದ ಗಂಟು ಕುಗ್ಗಿದರೆ, ಇವತ್ತು ಆಗದ ಆಪರೇಷನ್ ಆಗ ಆದೀತು. ಆಮೇಲೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾರೆ.

ಲಿವರ್‌ನದು ತೆಗೆಯಲು ಬಾರದಂತಿದ್ದು, ಕರುಳಿನ ಗಡ್ಡೆ ತೊಂದರೆ ಕೊಡದಿದ್ದರೆ, ಅದೊಂದನ್ನೇ ಕತ್ತರಿಸಿ ತೆಗೆದು ಲಾಭವಿಲ್ಲ. 2021ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ, ಗಡ್ಡೆ ತೆಗೆದು ಕೀಮೋ ಕೊಟ್ಟವರು ಬರೀ ಕೀಮೋ ಪಡೆದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಗಾಯ ಮಾಗುವ ತನಕ ಕೀಮೋವನ್ನೂ ತಡೆಹಿಡಿಯಬೇಕಾಗುತ್ತದೆ.

ಆದರೆ ಸಂಡಾಸೂ ಆಗದೆ, ಗಾಳಿಯೂ ಹೋಗದೆ, ಹೊಟ್ಟೆ ಊದಿ ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಕರುಳು ಕಟ್ಟಿಕೊಂಡಿರಬಹುದು. ಆಗ ಕಟ್ಟಿದ ಜಾಗ ತೆರೆದಿಡುವ ಕೊಳವೆ (ಸ್ಟೆಂಟ್) ಹಾಕುತ್ತಾರೆ, ಇಲ್ಲವೇ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಸಂಡಾಸು ಸೇರಲು ಚೀಲ ಹಾಕುತ್ತಾರೆ. ಚೀಲ ಅಂದಕೂಡಲೇ ಮನೆಯವರ ಮುಖ ಬಾಡುತ್ತದೆ. ಹತ್ತಿರದಿಂದ ನೋಡಿ: ಹೊರಗೆ ತಂದ ಕರುಳಿನ ತುದಿ ಕೆನ್ನೆಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರುತ್ತದೆ, ಮುಟ್ಟಿದರೆ ನೋವಿಲ್ಲ. ಸುತ್ತಲಿನ ಚರ್ಮವನ್ನು ಬೆಚ್ಚಗಿನ ನೀರಲ್ಲಿ ಒರೆಸಿ ಒಣಗಿಸಬೇಕು, ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು. ಮೇಲೊಂದು ಸಡಿಲ ಅಂಗಿ ಹಾಕಿದರೆ ಸಂತೆಯಲ್ಲಿ ಯಾರಿಗೂ ತಿಳಿಯದು.

ಚಾಕು ಮುಟ್ಟಿಸಿದರೆ ಹಬ್ಬುತ್ತದೆ ಅನ್ನುವ ಭಯ ಬಿಡಿ. ತಡವಾಗಿ ಹೋದವರ ಹೊಟ್ಟೆಯಲ್ಲಿ ಅದು ಆಗಲೇ ಹಬ್ಬಿರುತ್ತದೆ, ತೆರೆದಾಗ ಕಾಣುತ್ತದೆ, ಅಷ್ಟೆ.

ಡಾಕ್ಟರನ್ನು ಹೀಗೆ ಕೇಳಿ: “ಸಾರ್, ಈ ಆಪರೇಷನ್ ಕಾಯಿಲೆ ಪೂರ್ತಿ ತೆಗೆಯೋಕಾ, ತೊಂದರೆ ತಗ್ಗಿಸೋಕಾ?” ಲಿವರ್ ಸರ್ಜನ್ ಒಬ್ಬರಿಗೂ ತೋರಿಸಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ರಿಪೋರ್ಟ್ ಹಾಳೆಯ ಜೊತೆ ಸಿಟಿ ಸ್ಕ್ಯಾನ್ ಸಿಡಿಯೂ ಇರಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಹೊರಡುವ ಮೊದಲು ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ರೆಫರಲ್ ಚೀಟಿ ಕೇಳಿ ಪಡೆಯಿರಿ.