ಕಿಡ್ನಿ ಕಲ್ಲು ಹುಡುಕಲು ಎಷ್ಟು ವಿಕಿರಣ ಸಾಕು?

ಪಕ್ಕೆಯಲ್ಲಿ ಶುರುವಾಗಿ ತೊಡೆಸಂದಿಗೆ ಇಳಿಯುವ ನೋವಿನಲ್ಲಿ ಒದ್ದಾಡುವವರು ಸಿ.ಟಿ. ಸ್ಕ್ಯಾನ್ ಅಂದ ಕೂಡಲೇ ಒಪ್ಪಿಬಿಡುತ್ತಾರೆ. ಅದರ ಎಕ್ಸ್-ರೇ ವಿಕಿರಣದ ಲೆಕ್ಕ ಆಗ ಯಾರಿಗೆ ಬೇಕು? ಆದರೆ ಕಲ್ಲು ಒಮ್ಮೆ ಬಂದರೆ ಮತ್ತೆ ಬರುವುದು ಮಾಮೂಲು. ಚಿಕ್ಕ ವಯಸ್ಸಿನಲ್ಲೇ ಶುರುವಾದವರಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಆಗುತ್ತದೆ.

ಸಾಮಾನ್ಯವಾದ ಹೊಟ್ಟೆಯ ಸಿ.ಟಿ.ಯಲ್ಲಿ ಸುಮಾರು 10 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣ ಅಳೆಯುವ ಮಾನ) ವಿಕಿರಣ ಮೈಗೆ ತಗಲುತ್ತದೆ. ನೆಲ, ಗಾಳಿ, ಆಕಾಶದಿಂದ ನಮಗೆ ತಾನಾಗಿ ಸಿಗುವುದು ವರ್ಷಕ್ಕೆ ಸರಾಸರಿ 2.4. ಅಂದರೆ ನಾಲ್ಕು ವರ್ಷದ ಪಾಲು ಕೆಲವೇ ಸೆಕೆಂಡಿನಲ್ಲಿ. ಒಂದು ಸ್ಕ್ಯಾನಿನ ಅಪಾಯ ತುಂಬಾ ಚಿಕ್ಕದು, ಹೆದರಬೇಕಿಲ್ಲ. ಆದರೆ ಕಲ್ಲಿಗೆ ಅಷ್ಟು ವಿಕಿರಣ ಬೇಕೇ ಇಲ್ಲ. 3 ಮಿಲಿಸೀವರ್ಟ್ ಆಸುಪಾಸಿನಲ್ಲೇ ಕೆಲಸ ಮುಗಿಯುತ್ತದೆ.

ಹೇಗೆ? ಚಿತ್ರದಲ್ಲಿ ಯಾವುದು ಎಷ್ಟು ಬೆಳ್ಳಗೆ ಕಾಣುತ್ತದೆ ಅನ್ನುವ ಸಿ.ಟಿ. ಅಳತೆಪಟ್ಟಿಯಲ್ಲಿ ನೀರಿಗೆ 0. ಲಿವರ್, ಕಿಡ್ನಿಯಂಥ ಮೆತ್ತನೆಯ ಅಂಗಗಳಿಗೆ 30ರಿಂದ 60. ಕ್ಯಾಲ್ಸಿಯಂ ಕಲ್ಲು ಎಷ್ಟೋ ಸಲ 1,000 ಮುಟ್ಟುತ್ತದೆ. ಯೂರಿಕ್ ಆಮ್ಲದ ಕಲ್ಲು ಸ್ವಲ್ಪ ಮಂಕು, ಆದರೂ ಸುಮಾರು 400. ಡೋಸನ್ನು, ಅಂದರೆ ವಿಕಿರಣದ ಪ್ರಮಾಣವನ್ನು, ಕಾಲು ಭಾಗಕ್ಕೆ ಇಳಿಸಿದರೆ ಚಿತ್ರದಲ್ಲಿ ಕಾಳುಕಾಳು ಎರಡರಷ್ಟಾಗುತ್ತದೆ. ಲಿವರಿನ ಸಣ್ಣ ಗೆಡ್ಡೆ ಅದರಲ್ಲಿ ಮುಚ್ಚಿಹೋಗಬಹುದು. ಕಲ್ಲು ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಈಚಿನ ಯಂತ್ರಗಳ ಸಾಫ್ಟ್‌ವೇರ್ ಆ ಕಾಳನ್ನೂ ತಕ್ಕಮಟ್ಟಿಗೆ ಅಳಿಸುತ್ತದೆ. ಹೊಟ್ಟೆ ಪೂರ್ತಿ ಸ್ಕ್ಯಾನ್ ಮಾಡುವ ಬದಲು ಕಿಡ್ನಿಯ ಮೇಲ್ತುದಿಯಿಂದ ಮೂತ್ರಕೋಶದ ತಳದವರೆಗೆ ಮಾತ್ರ ಚಿತ್ರ ತೆಗೆದರೆ ಇನ್ನಷ್ಟು ಉಳಿತಾಯ.

ಮಿತಿಗಳೂ ಇವೆ. 3 ಮಿಲಿಮೀಟರಿಗಿಂತ ಚಿಕ್ಕ ಕಲ್ಲು ತಪ್ಪಿಹೋಗಬಹುದು, ಆದರೆ ಅಂಥವು ಹೆಚ್ಚಾಗಿ ತಾವೇ ಮೂತ್ರದಲ್ಲಿ ಹೋಗುತ್ತವೆ. ದಪ್ಪ ಮೈಯವರಲ್ಲಿ, ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ದಾಟಿದವರಲ್ಲಿ, ಕಡಿಮೆ ಡೋಸಿನ ಚಿತ್ರದ ಮೇಲೆ ಅಷ್ಟು ಭರವಸೆ ಇಡಲಾಗದು.

ಅಲ್ಟ್ರಾಸೌಂಡಿನಲ್ಲಂತೂ ವಿಕಿರಣವೇ ಇಲ್ಲ. ಅಮೆರಿಕದ 15 ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 2,700ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಮೊದಲು ಅಲ್ಟ್ರಾಸೌಂಡ್ ಮಾಡಿಸಿಕೊಂಡವರಲ್ಲಿ ಕೆಲವರಿಗೆ ಆಮೇಲೆ ಸಿ.ಟಿ. ಬೇಕಾಯಿತು, ನಿಜ. ಆದರೆ ಗಂಭೀರ ಕಾಯಿಲೆ ಕೈತಪ್ಪಿ ತೊಂದರೆಯಾದದ್ದು ಜಾಸ್ತಿಯೇನಲ್ಲ, ವಿಕಿರಣ ಮಾತ್ರ ಕಡಿಮೆಯಾಯಿತು. ಗರ್ಭಿಣಿಯರಿಗೆ, ಮಕ್ಕಳಿಗೆ ಮೊದಲು ಇದೇ ಸರಿ.

ನಿಮ್ಮ ಸ್ಕ್ಯಾನಿನ ಡೋಸ್ ನೀವೇ ಲೆಕ್ಕ ಹಾಕಬಹುದು. ಚಿತ್ರಗಳ ಜೊತೆಗಿನ ಡೋಸ್ ಪುಟದಲ್ಲಿ ‘ಡಿಎಲ್‌ಪಿ’ (DLP) ಅಂತ ಒಂದು ಅಂಕಿ ಇರುತ್ತದೆ, ಇಡೀ ಸ್ಕ್ಯಾನಿನಲ್ಲಿ ಯಂತ್ರ ಕೊಟ್ಟ ಒಟ್ಟು ವಿಕಿರಣದ ಅಳತೆ ಅದು. ಹೊಟ್ಟೆಯ ಸ್ಕ್ಯಾನಾದರೆ ಅದನ್ನು 0.015ರಿಂದ ಗುಣಿಸಿ. 700 ಇದ್ದರೆ 10.5 ಮಿಲಿಸೀವರ್ಟ್, 200 ಇದ್ದರೆ 3. ಆ ಪುಟ ಇಲ್ಲದಿದ್ದರೆ ಕೇಳಿ ಪಡೆಯಿರಿ. ಮುಂದಿನ ಸಲ, ‘ಕಲ್ಲು ನೋಡೋಕೆ ತಾನೆ, ಲೋ ಡೋಸ್‌ನಲ್ಲಿ ಆಗುತ್ತಾ?’ ಅಂತ ಸ್ಕ್ಯಾನಿಗೆ ಮುಂಚೆಯೇ ಕೇಳಿ. ಸಂಕೋಚ ಬೇಡ. ಆದರೆ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ಅಥವಾ ಇರುವುದು ಒಂದೇ ಕಿಡ್ನಿ ಆದರೆ ಡೋಸಿನ ಮಾತು ಆಮೇಲೆ. ತಡಮಾಡದೆ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಸ್ಕ್ಯಾನ್ ಮಾಡಿಸಿ.